ಹಣ್ಣು ನಮ್ಮದು, ಉಪ್ಪು ನಮ್ಮದು, ತಂಪು ಯಾರದ್ದು?

ಮೇ ತಿಂಗಳ ಕೊನೆಯ ವಾರ. ಮಳೆ ಇನ್ನೂ ಹಿಡಿದಿರಲಿಲ್ಲ. ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಳಿದು ಹಂಪನಕಟ್ಟೆಗೆ ನಡೆದು ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಮ್ಮ ಕೈಯಲ್ಲಿ ಊರಿಂದ ತಂದ ಎರಡು ಚೀಲ. ಒಂದರಲ್ಲಿ ಪುನರ್ಪುಳಿ, ಇನ್ನೊಂದರಲ್ಲಿ ಕಾಟು ಮಾವು ಮತ್ತು ಎರಡು ಅನಾನಸು. "ಇಲ್ಲಿ ಬಿದ್ದು ಕೊಳೆಯುತ್ತದೆ, ಕೊಂಡುಹೋಗಿ" ಎಂದು ಮನೆಯವರು ಕಟ್ಟಿಕೊಟ್ಟದ್ದು.

ಸೆಕೆ ತಡೆಯದೆ ಒಂದು ಐಸ್‌ಕ್ರೀಮ್ ಅಂಗಡಿ ಹೊಕ್ಕೆವು. ಪಟ್ಟಿಯಲ್ಲಿ "ಸೋರ್ಬೆ" ಎಂಬ ಹೊಸ ಹೆಸರು ಕಂಡಿತು. ಏನದು ಎಂದು ಕೇಳಿದೆವು. "ಹಾಲಿಲ್ಲ, ಕೆನೆ ಇಲ್ಲ. ಬರೀ ಹಣ್ಣು, ಸಕ್ಕರೆ, ಐಸು" ಎಂದರು. ಬೆಲೆ ನೋಡಿದೆವು. ಒಂದು ಸಣ್ಣ ಕಪ್ಪಿನ ದುಡ್ಡಿಗೆ ನಮ್ಮ ಊರಿನಲ್ಲಿ ಒಂದು ಬುಟ್ಟಿ ಹಣ್ಣು ಸಿಗುತ್ತಿತ್ತು. ಆ ಹಣ್ಣು ನಮ್ಮ ಕಾಲ ಬುಡದ ಚೀಲದಲ್ಲೇ ಇತ್ತು.

ಅಂದು ರಾತ್ರಿ ಬಾಡಿಗೆ ಕೋಣೆಯಲ್ಲಿ ಅನಾನಸು ರುಬ್ಬಿ, ಸಕ್ಕರೆ ಹಾಕದೆ, ಡಬ್ಬಿಯಲ್ಲಿ ತುಂಬಿಸಿ ಫ್ರಿಜ್ಜಿನ ಐಸ್ ಪೆಟ್ಟಿಗೆಗೆ ತಳ್ಳಿದೆವು. ಬೆಳಿಗ್ಗೆ ನೋಡಿದರೆ ಕಲ್ಲು. ಚಮಚ ಬಾಗಿತೇ ಹೊರತು ಐಸು ಒಡೆಯಲಿಲ್ಲ. ಎಲ್ಲಿ ತಪ್ಪಿತು ಎಂದು ಹುಡುಕುತ್ತ ಹೊರಟವರು ಒಂದು ದೊಡ್ಡ ಚರಿತ್ರೆಯೊಳಗೆ ಬಂದು ನಿಂತೆವು. ಆ ಚರಿತ್ರೆಯನ್ನೂ, ಕೊನೆಗೆ ನಮಗೆ ಸರಿಬಂದ ವಿಧಾನವನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಸೋರ್ಬೆ ಅಂದರೆ ನಮ್ಮ ಶರಬತ್ತೇ

ಹೆಸರು ಹೊಸದು ಎಂದು ಅಂಜಬೇಕಾಗಿಲ್ಲ. ಅರಬಿ ಭಾಷೆಯಲ್ಲಿ ಕುಡಿಯುವುದಕ್ಕೆ ಇರುವ ಪದದಿಂದ ಪಾರಸಿಯ "ಶರ್ಬತ್" ಬಂತು. ತುರ್ಕಿಯವರು ಅದನ್ನು ಶೆರ್ಬೆತ್ ಎಂದರು. ಇಟಲಿಯವರ ಬಾಯಲ್ಲಿ ಅದು ಸೊರ್ಬೆತ್ತೊ ಆಯಿತು, ಫ್ರಾನ್ಸಿನವರ ಬಾಯಲ್ಲಿ ಸೋರ್ಬೆ. ನಮ್ಮಲ್ಲಿ ಅದೇ ಪದ ಶರಬತ್ತಾಗಿ ಉಳಿದಿದೆ. ಲಿಂಬೆ ಶರಬತ್ತನ್ನು ಗಟ್ಟಿ ಮಾಡಿದರೆ ಸೋರ್ಬೆ. ಅಷ್ಟೇ ವ್ಯತ್ಯಾಸ.

ಶರಬತ್ತು ಎಂಬ ಪದ ಬರುವ ಮೊದಲೂ ನಮ್ಮವರು ಬಾಯಾರಿ ಕೂತಿರಲಿಲ್ಲ. ನಮ್ಮದು ಪಾನಕದ ನಾಡು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಸಂಸ್ಕೃತ ಗ್ರಂಥ "ಮಾನಸೋಲ್ಲಾಸ"ದಲ್ಲಿ ಕುಡಿಯುವ ನೀರು, ಪಾನೀಯಗಳಿಗೆಂದೇ ಒಂದು ಭಾಗ ಇದೆ. 16ನೇ ಶತಮಾನದ ಕವಿ ಮೂರನೆಯ ಮಂಗರಸ ಕನ್ನಡದಲ್ಲೇ, ಷಟ್ಪದಿಯಲ್ಲಿ, "ಸೂಪಶಾಸ್ತ್ರ" ಎಂಬ ಅಡುಗೆ ಪುಸ್ತಕ ಬರೆದ. ಅದರಲ್ಲಿ ಪಾನಕಗಳಿಗೆ ಒಂದು ಅಧ್ಯಾಯವೇ ಮೀಸಲು. ರಾಮನವಮಿಯ ದಿನ ದೇವಸ್ಥಾನದಲ್ಲಿ ಕೊಡುವ ಬೆಲ್ಲ, ಶುಂಠಿ, ಏಲಕ್ಕಿಯ ಪಾನಕ, ಬೇಸಗೆಯಲ್ಲಿ ದಾರಿಬದಿಯ ಅರವಟ್ಟಿಗೆ, ಮಧ್ಯಾಹ್ನದ ಪುನರ್ಪುಳಿ ನೀರು, ಎಲ್ಲವೂ ಇದೇ ಸಾಲಿಗೆ ಸೇರಿದವು.

ಆದರೆ ಈ ಪಾನಕ ಯಾವುದೂ ಗಟ್ಟಿಯಾಗುತ್ತಿರಲಿಲ್ಲ. ಮಣ್ಣಿನ ಹೂಜಿಯಲ್ಲಿಟ್ಟರೆ ತಣ್ಣಗಾಗುತ್ತಿತ್ತು, ಅಷ್ಟೆ. ಹೂಜಿಯ ಹೊರಮೈಗೆ ಜಿನುಗಿದ ನೀರು ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಗಾಳಿಯೇ ನೀರಿನಿಂದ ತುಂಬಿರುವುದರಿಂದ ಆ ಆರುವಿಕೆಯೂ ನಿಧಾನ. ಒಣ ಹವೆಯ ಬಯಲುಸೀಮೆಯ ಹೂಜಿಯಷ್ಟು ತಂಪು ಮಂಗಳೂರಿನ ಹೂಜಿಯಲ್ಲಿ ಬರುವುದಿಲ್ಲ.

ಬಾದಶಹನ ಪೆಟ್ಲುಪ್ಪು

ತಂಪನ್ನು ಕೈಯಿಂದ ಹುಟ್ಟಿಸುವ ಉಪಾಯ ಉತ್ತರ ಭಾರತದಲ್ಲಿ ಅಕ್ಬರನ ಕಾಲಕ್ಕೆ ಚೆನ್ನಾಗಿ ಗೊತ್ತಿತ್ತು. ಅವನ ಆಡಳಿತದ ವಿವರಗಳಿರುವ "ಐನ್-ಇ-ಅಕ್ಬರಿ" ಗ್ರಂಥದಲ್ಲಿ ಅಬುಲ್ ಫಜಲ್ ಅದನ್ನು ಅಳತೆ ಸಮೇತ ಬರೆದಿದ್ದಾನೆ. ಒಂದು ಸೇರು ಕುಡಿಯುವ ನೀರನ್ನು ಲೋಹದ ಹೂಜಿಯಲ್ಲಿ ತುಂಬಿ ಬಾಯಿ ಕಟ್ಟಬೇಕು. ಬೇರೆ ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕಬೇಕು. ಆ ಉಪ್ಪು ನೀರಿನಲ್ಲಿ ಹೂಜಿಯನ್ನು ಕಾಲು ಗಂಟೆಯಷ್ಟು ಹೊತ್ತು ತಿರುಗಿಸುತ್ತಿದ್ದರೆ ಒಳಗಿನ ನೀರು ತಣ್ಣಗಾಗುತ್ತದೆ.

ಪೆಟ್ಲುಪ್ಪು ಎಂದರೆ ಸಿಡಿಮದ್ದಿಗೆ ಬಳಸುವ ಉಪ್ಪು. ಅದು ನೀರಿನಲ್ಲಿ ಕರಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಕೋವಿಗೆ ಬೆಂಕಿ ಕೊಡುವ ವಸ್ತುವೇ ಹೂಜಿಗೆ ತಂಪು ಕೊಡುತ್ತಿತ್ತು.

1586ರ ಹೊತ್ತಿಗೆ ಅಕ್ಬರನ ಬಿಡಾರ ಲಾಹೋರಿನ ಕಡೆ ಇದ್ದಾಗ ಬೆಟ್ಟದ ಹಿಮ ಅರಮನೆಗೆ ಬರತೊಡಗಿತು. ದೋಣಿಯಲ್ಲಿ, ಗಾಡಿಯಲ್ಲಿ, ಆಳುಗಳ ತಲೆಯ ಮೇಲೆ ಅದನ್ನು ಸಾಗಿಸುತ್ತಿದ್ದರು. ದಾರಿಯಲ್ಲಿ ಕರಗಿದ್ದು ಕರಗಿ, ಉಳಿದದ್ದು ಬಾದಶಹನ ಲೋಟಕ್ಕೆ. ಹೊತ್ತವರಿಗೆ ಅದರಲ್ಲಿ ಒಂದು ಗುಟುಕು ಸಿಕ್ಕಿತೇ ಎಂದು ಯಾರೂ ಬರೆದಿಡಲಿಲ್ಲ.

ಸರಿಸುಮಾರು ಅದೇ ಕಾಲಕ್ಕೆ, 1589ರಲ್ಲಿ, ಇಟಲಿಯ ನೇಪಲ್ಸ್ ನಗರದ ಜಾಂಬತ್ತಿಸ್ತ ದೆಲ್ಲ ಪೋರ್ತ ಎಂಬ ವಿದ್ವಾಂಸ ಹಿಮಕ್ಕೆ ಪೆಟ್ಲುಪ್ಪು ಬೆರೆಸಿ, ಅದರಲ್ಲಿ ದ್ರಾಕ್ಷಾರಸದ ಸೀಸೆ ತಿರುಗಿಸಿ, ರಸವನ್ನು ಹೆಪ್ಪುಗಟ್ಟಿಸಿದ್ದನ್ನು ಬರೆದ. ನೂರು ವರ್ಷದ ನಂತರ ಅದೇ ನೇಪಲ್ಸಿನಲ್ಲಿ ಅಂತೋನಿಯೊ ಲಾತೀನಿ ಎಂಬ ಪಾಕಶಾಲೆಯ ಮೇಲ್ವಿಚಾರಕ ಎರಡು ಸಂಪುಟಗಳ ಅಡುಗೆ ಪುಸ್ತಕ ಪ್ರಕಟಿಸಿದ, 1692 ಮತ್ತು 1694ರಲ್ಲಿ. ಅದರಲ್ಲಿ ಸೊರ್ಬೆತ್ತೊ ಮಾಡುವ ವಿಧಾನಗಳಿವೆ. ಹಣ್ಣಿನ ರಸ, ಸಕ್ಕರೆ, ಹಿಮ ಮತ್ತು ಉಪ್ಪು. ಅಷ್ಟರಲ್ಲಿ ಪೆಟ್ಲುಪ್ಪಿನ ಹಂಗೂ ತಪ್ಪಿ, ಅಡುಗೆಯ ಉಪ್ಪೇ ಸಾಕು ಎಂದು ಗೊತ್ತಾಗಿತ್ತು.

ಉಪ್ಪು ಮಾಡುವ ಕೆಲಸ

ಇದೇ ಈ ಕತೆಯ ಕೀಲಿ. ಆದ್ದರಿಂದ ಒಂದು ನಿಮಿಷ ನಿಂತು ನೋಡೋಣ.

ಬರೀ ಐಸಿನ ನಡುವೆ ಶರಬತ್ತಿನ ಡಬ್ಬಿ ಇಟ್ಟರೆ ಶರಬತ್ತು ತಣ್ಣಗಾಗುತ್ತದೆ, ಗಟ್ಟಿಯಾಗುವುದಿಲ್ಲ. ಕರಗುವ ಐಸು ಸೊನ್ನೆ ಡಿಗ್ರಿಯಲ್ಲಿ ನಿಲ್ಲುತ್ತದೆ. ಸಕ್ಕರೆ ಬೆರೆತ ರಸ ಹೆಪ್ಪುಗಟ್ಟಲು ಸೊನ್ನೆಗಿಂತ ಕೆಳಗೆ ಹೋಗಬೇಕು.

ಐಸಿಗೆ ಉಪ್ಪು ಸುರಿಯಿರಿ. ಉಪ್ಪು ಐಸನ್ನು ಬೇಗ ಕರಗಿಸುತ್ತದೆ. ಕರಗಲು ಐಸಿಗೆ ಬಿಸಿ ಬೇಕು. ಆ ಬಿಸಿಯನ್ನು ಅದು ಪಕ್ಕದಲ್ಲಿರುವ ಡಬ್ಬಿಯಿಂದ ಕಿತ್ತುಕೊಳ್ಳುತ್ತದೆ. ಉಪ್ಪು ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟದ ಕಾರಣ ತಂಪು ಇಳಿಯುತ್ತಲೇ ಹೋಗುತ್ತದೆ. ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು ಸರಿಯಾಗಿ ಬೆರೆತರೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದು. ಮನೆಯ ಬಕೆಟ್ಟಿನಲ್ಲಿ ಅಷ್ಟು ಇಳಿಯದಿದ್ದರೂ, ಹಣ್ಣಿನ ರಸ ಗಟ್ಟಿಯಾಗುವಷ್ಟು ಖಂಡಿತ ಇಳಿಯುತ್ತದೆ.

ಉಪ್ಪಿಗೆ ನಮ್ಮ ಕರಾವಳಿಯಲ್ಲಿ ಬರವಿಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಗದ್ದೆಯಂತೆ ಮಾಡಿದ ಮಡಿಗಳಿಗೆ ಸಮುದ್ರದ ನೀರು ಹಾಯಿಸಿ ಇಂದಿಗೂ ಉಪ್ಪು ತೆಗೆಯುತ್ತಾರೆ. ಹಣ್ಣಿಗೂ ಬರವಿಲ್ಲ. ಮಾವು, ಹಲಸು, ಪುನರ್ಪುಳಿ ಇಲ್ಲಿಯ ಕಾಡಿನವು. ದಕ್ಷಿಣ ಅಮೆರಿಕದ ಅನಾನಸು 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಭಾರತಕ್ಕೆ ಬಂದು ನಮ್ಮ ಗುಡ್ಡಗಳಿಗೆ ಒಗ್ಗಿಹೋಯಿತು. ಹಣ್ಣಿತ್ತು, ಉಪ್ಪಿತ್ತು. ಇಲ್ಲದ್ದು ಐಸು ಒಂದೇ.

ಅಮೆರಿಕದಿಂದ ಹಡಗಿನಲ್ಲಿ ಬಂದ ಐಸು

ಗಂಗೆಯ ಬಯಲಿನಲ್ಲಿ ಚಳಿಗಾಲದ ರಾತ್ರಿ ಐಸು ಮಾಡುವ ಒಂದು ಜಾಣ ಪದ್ಧತಿ ಇತ್ತು. ರಾಬರ್ಟ್ ಬಾರ್ಕರ್ ಎಂಬ ಇಂಗ್ಲಿಷ್ ಸೇನಾಧಿಕಾರಿ 1775ರಲ್ಲಿ ಅದನ್ನು ವರ್ಣಿಸಿದ್ದಾನೆ. ಬಯಲಿನಲ್ಲಿ ಅಗಲವಾದ ಗುಂಡಿ ತೋಡಿ, ಒಣ ಕಬ್ಬಿನ ದಂಟು, ಜೋಳದ ದಂಟು ಹಾಸುತ್ತಿದ್ದರು. ಅದರ ಮೇಲೆ ಸಣ್ಣ ಸಣ್ಣ ಮಣ್ಣಿನ ತಟ್ಟೆಗಳಲ್ಲಿ ನೀರು. ಮೋಡವಿಲ್ಲದ ರಾತ್ರಿ ಆ ನೀರಿನ ಬಿಸಿ ಆಕಾಶಕ್ಕೆ ಹಾರಿಹೋಗಿ, ಬೆಳಗಿನ ಜಾವಕ್ಕೆ ತೆಳ್ಳಗೆ ಐಸು ಕಟ್ಟುತ್ತಿತ್ತು. ಸೂರ್ಯ ಏಳುವ ಮೊದಲು ಅದನ್ನು ಕೆರೆದು ನೆಲಮಾಳಿಗೆಗೆ ತುಂಬಬೇಕು.

ಮಂಗಳೂರಿನಲ್ಲಿ ಇದು ಸಾಧ್ಯವಿರಲಿಲ್ಲ. ಕಡಲ ಬದಿಯ ರಾತ್ರಿಗಳು ಬೆಚ್ಚಗಿನವು, ಗಾಳಿ ತೇವದ್ದು. ಡಿಸೆಂಬರಿನಲ್ಲೂ ನಮಗೆ ಫ್ಯಾನು ಬೇಕು.

ಆಮೇಲೆ ಐಸು ವ್ಯಾಪಾರದ ಸರಕಾಯಿತು. ಅಮೆರಿಕದ ಬೋಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ ಚಳಿಗಾಲದಲ್ಲಿ ಅಲ್ಲಿಯ ಕೆರೆಗಳ ಮೇಲೆ ಕಟ್ಟುವ ಐಸನ್ನು ಗರಗಸದಲ್ಲಿ ಕೊಯ್ದು ಬಿಸಿ ದೇಶಗಳಿಗೆ ಮಾರುತ್ತಿದ್ದ. 1833ರಲ್ಲಿ "ಟಸ್ಕನಿ" ಎಂಬ ಹಡಗು 180 ಟನ್ ಐಸು ಹೊತ್ತು ಬೋಸ್ಟನ್ನಿನಿಂದ ಹೊರಟಿತು. ನಾಲ್ಕು ತಿಂಗಳ ಪ್ರಯಾಣದ ನಂತರ ಕಲ್ಕತ್ತ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಮರದ ಹೊಟ್ಟಿನ ನಡುವೆ ಹುಗಿದಿಟ್ಟರೆ ಐಸು ಅಷ್ಟು ತಡೆಯುತ್ತದೆ. ಹಳ್ಳಿಯಲ್ಲಿ ಮದುವೆಗೆ ತಂದ ಐಸಿನ ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುಗಿದು ಗೋಣಿ ಸುತ್ತಿಡುವುದನ್ನು ನಿಮ್ಮಲ್ಲಿ ಹಿರಿಯರು ನೋಡಿರಬಹುದು. ಟ್ಯೂಡರನ ಉಪಾಯವೂ ಅದೇ.

1842ರಲ್ಲಿ ಮದರಾಸಿನಲ್ಲಿ ಈ ಐಸು ಇಡಲು ಕಡಲ ಕರೆಯಲ್ಲೇ ಒಂದು ದುಂಡು ಕಟ್ಟಡ ಎದ್ದಿತು. ಆಗ ಮಂಗಳೂರು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಜಿಲ್ಲೆಯ ಕಂದಾಯದ ಲೆಕ್ಕ ಹೋಗುತ್ತಿದ್ದ ಊರಿನಲ್ಲಿ ಅಧಿಕಾರಿಗಳ ಲೋಟಕ್ಕೆ ಅಮೆರಿಕದ ಕೆರೆಯ ಐಸು ಬೀಳುತ್ತಿತ್ತು. ಮರೀನಾ ಬೀಚಿನ ಎದುರು ಆ ಕಟ್ಟಡ ಇಂದಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಅದಕ್ಕೆ ಈಗ ಅವರ ಹೆಸರು. ಹಳಬರಿಗೆ ಅದು ಇನ್ನೂ ಐಸ್ ಹೌಸ್.

ಐಸು ದುಬಾರಿ ಇದ್ದದ್ದು ಮಾತ್ರವೇ? ಉಪ್ಪಿಗೂ ತೆರಿಗೆ ಇತ್ತು. ಕಡಲು ಮನೆಯ ಹಿತ್ತಲಲ್ಲೇ ಇದ್ದರೂ ಉಪ್ಪು ತೆಗೆದರೆ ಅಪರಾಧ. 1930ರ ಏಪ್ರಿಲಿನಲ್ಲಿ ಅಂಕೋಲೆಯ ಜನ ಆ ಕಾನೂನು ಮುರಿದದ್ದು ನಮ್ಮ ಕರಾವಳಿಯ ದೊಡ್ಡ ನೆನಪು. ಗಂಜಿಗೆ ಹಾಕುವ ಉಪ್ಪಿಗೇ ತೆರಿಗೆ ಕಟ್ಟುವ ಮನೆ, ಶರಬತ್ತು ಗಟ್ಟಿ ಮಾಡಲು ಕಿಲೋಗಟ್ಟಲೆ ಉಪ್ಪನ್ನು ಬಕೆಟ್ಟಿಗೆ ಸುರಿಯುತ್ತದೆಯೇ? ಸೋರ್ಬೆ ನಮ್ಮ ಮನೆಗಳಲ್ಲಿ ಹುಟ್ಟದೆ ಹೋದದ್ದಕ್ಕೆ ಇವೇ ಕಾರಣ. ನಮ್ಮವರಿಗೆ ಗೊತ್ತಿರಲಿಲ್ಲ ಎಂದಲ್ಲ, ಗೊತ್ತಿದ್ದರೂ ಮಾಡುವಂತಿರಲಿಲ್ಲ.

ದಕ್ಕೆಯ ಐಸು, ಸೈಕಲ್ಲಿನ ಕ್ಯಾಂಡಿ

19ನೇ ಶತಮಾನದ ಕೊನೆಯ ಭಾಗದಲ್ಲಿ ಯಂತ್ರದಿಂದ ಐಸು ಮಾಡುವುದು ಬಂತು. 1874ರಲ್ಲಿ ಮದರಾಸಿನಲ್ಲೇ ಐಸ್ ಕಂಪನಿ ಶುರುವಾಯಿತು. ಟ್ಯೂಡರನ ಹಡಗುಗಳಿಗೆ ಕೆಲಸ ಇಲ್ಲವಾಯಿತು.

ನಮ್ಮೂರಿನ ಸಾಮಾನ್ಯ ಜನರ ಕಣ್ಣಿಗೆ ಐಸು ಬಿದ್ದದ್ದು ಹೆಚ್ಚಾಗಿ ಮೀನಿನ ಜೊತೆ. ಮಂಗಳೂರು ಬಂದರಿನ ದಕ್ಕೆಗೆ ಬೆಳಗಿನ ಹೊತ್ತು ಹೋಗಿ ನೋಡಿ. ಬೋಟಿಗೆ ಐಸು, ಲಾರಿಗೆ ಐಸು, ಮೀನು ಮಾರುವವರ ಬುಟ್ಟಿಗೂ ಐಸು. ಐಸ್ ಪ್ಲಾಂಟಿನ ಒಳಗೆ ನಡೆಯುವುದೂ ಉಪ್ಪಿನ ಕೆಲಸವೇ. ದೊಡ್ಡ ತೊಟ್ಟಿಯಲ್ಲಿ ಉಪ್ಪು ನೀರನ್ನು ಯಂತ್ರದಿಂದ ಸೊನ್ನೆಗಿಂತ ಕೆಳಗೆ ತಂಪು ಮಾಡುತ್ತಾರೆ. ನೀರು ತುಂಬಿದ ತಗಡಿನ ಡಬ್ಬಗಳನ್ನು ಅದರಲ್ಲಿ ಇಳಿಬಿಡುತ್ತಾರೆ. ಡಬ್ಬದೊಳಗಿನ ನೀರು ಗಡ್ಡೆ ಕಟ್ಟುತ್ತದೆ. ಅಕ್ಬರನ ಹೂಜಿ ದೊಡ್ಡದಾಯಿತು, ಅಷ್ಟೆ.

ಐಸ್‌ಕ್ಯಾಂಡಿಯದ್ದೂ ಅದೇ ವಿದ್ಯೆ. ಅಚ್ಚಿಗೆ ಬಣ್ಣದ ನೀರು ಹೊಯ್ದು, ಕಡ್ಡಿ ಚುಚ್ಚಿ, ಉಪ್ಪು ನೀರಿನ ತೊಟ್ಟಿಯಲ್ಲಿ ಅದ್ದಿ ತೆಗೆದದ್ದು. ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದ ಕ್ಯಾಂಡಿಯವರ ಸದ್ದು ಕೇಳಿದರೆ ಶಾಲೆ ಬಿಡುವ ಹೊತ್ತು ಎಂದೇ ಲೆಕ್ಕ. ಕೆಂಪು ಕ್ಯಾಂಡಿ ತಿಂದು ನಾಲಗೆ ಚಾಚಿ ತೋರಿಸದವರು ನಮ್ಮಲ್ಲಿ ಯಾರಿದ್ದಾರೆ? ಬೆಲ್ಲದ ಕ್ಯಾಂಡಿ ಎಂದರೆ ಅದು ಪಾನಕವೇ, ಕಡ್ಡಿಗೆ ಅಂಟಿಕೊಂಡದ್ದು.

1975ರಲ್ಲಿ ಮಂಗಳೂರಿನ ಮಾರ್ಕೆಟ್ ರಸ್ತೆಯಲ್ಲಿ ಎಸ್. ಪ್ರಭಾಕರ ಕಾಮತರು ಐಡಿಯಲ್ ಐಸ್‌ಕ್ರೀಮ್ ಶುರುಮಾಡಿದರು. ಊರಿನಿಂದ ಪೇಟೆಗೆ ಬಂದವರು "ಐಡಿಯಲ್ಲಿಗೆ ಹೋಗದೆ ಬರುವುದುಂಟಾ" ಎನ್ನುವಷ್ಟು ಅದು ಮಂಗಳೂರಿನ ಭಾಗವಾಯಿತು. ಉದ್ದ ಗ್ಲಾಸಿನಲ್ಲಿ ಬಗೆಬಗೆಯ ಐಸ್‌ಕ್ರೀಮ್, ಹಣ್ಣಿನ ತುಂಡು, ಜೆಲ್ಲಿ, ಗೋಡಂಬಿ ಪೇರಿಸಿ ಕೊಡುವ ಗಡ್‌ಬಡ್ ಉಡುಪಿ, ಮಂಗಳೂರಿನ ಹೆಸರಾಯಿತು. ಗಿರಾಕಿಗಳ ಗಡಿಬಿಡಿಯಲ್ಲಿ ಇದ್ದದ್ದನ್ನೆಲ್ಲ ಒಂದೇ ಗ್ಲಾಸಿಗೆ ಹಾಕಿ ಕೊಟ್ಟದ್ದರಿಂದ ಆ ಹೆಸರು ಬಂತು ಎಂದು ಕತೆ ಹೇಳುತ್ತಾರೆ.

ಇನ್ನೊಬ್ಬ ಕಾಮತರ ಹೆಸರು ಇಲ್ಲಿ ಬರಲೇಬೇಕು. ರಘುನಂದನ ಕಾಮತರು ಮುಲ್ಕಿ ಕಡೆಯವರು, ಹಣ್ಣಿನ ವ್ಯಾಪಾರಿಯ ಮಗ. ಹಣ್ಣು ಮುಟ್ಟಿ, ಮೂಸಿ ಆರಿಸುವುದನ್ನು ತಂದೆಯಿಂದ ಕಲಿತರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಹೋಗಿ ಅಣ್ಣನ ಹೋಟೆಲಿನಲ್ಲಿ ದುಡಿದರು. 1984ರಲ್ಲಿ ಜುಹುವಿನಲ್ಲಿ "ನ್ಯಾಚುರಲ್" ಎಂಬ ಅಂಗಡಿ ತೆರೆದರು. ಹಾಲು, ಸಕ್ಕರೆ, ನಿಜವಾದ ಹಣ್ಣು, ಇಷ್ಟನ್ನೇ ನೆಚ್ಚಿಕೊಂಡರು. ಬೊಂಡದ ಐಸ್‌ಕ್ರೀಮ್, ಹಲಸಿನ ಐಸ್‌ಕ್ರೀಮ್ ದೊಡ್ಡ ಪೇಟೆಯವರ ಬಾಯಿಗೆ ಬಿತ್ತು. ಅವರು 2024ರ ಮೇ ತಿಂಗಳಲ್ಲಿ ತೀರಿಕೊಂಡರು. ನಾವು ಹಿತ್ತಲಲ್ಲಿ ತುಳಿದುಕೊಂಡು ಓಡಾಡುವ ಹಣ್ಣಿಗೆ ಎಷ್ಟು ಬೆಲೆ ಇದೆ ಎಂದು ತೋರಿಸಿದವರು ಒಬ್ಬ ಹಣ್ಣಿನ ವ್ಯಾಪಾರಿಯ ಮಗ ಎಂಬುದು ನೆನಪಿಡುವ ಮಾತು.

ಯಂತ್ರ ಬೇಡ, ಕೈ ಬೇಕು

1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬಾಕೆ ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಬಕೆಟ್ಟಿಗೆ ಪೇಟೆಂಟ್ ಪಡೆದಳು. ಹೊರಗೆ ಮರದ ಬಕೆಟ್ಟು, ಅದರಲ್ಲಿ ಐಸು ಮತ್ತು ಉಪ್ಪು. ನಡುವೆ ಲೋಹದ ಡಬ್ಬಿ. ಡಬ್ಬಿಯೊಳಗೆ ಕಲಕುವ ರೆಕ್ಕೆ. ಇಂದಿನ ದುಬಾರಿ ಯಂತ್ರಗಳು ಮಾಡುವುದೂ ಅಷ್ಟೇ, ತಂಪು ಮಾಡುತ್ತ ಕಲಕುವುದು.

ಕಲಕುವುದು ಯಾಕೆ? ಸುಮ್ಮನೆ ಬಿಟ್ಟರೆ ನೀರು ದೊಡ್ಡ ದೊಡ್ಡ ಹರಳಾಗಿ ಕಟ್ಟುತ್ತದೆ. ಕಲಕುತ್ತಿದ್ದರೆ ಹರಳು ಸಣ್ಣದಾಗಿ, ನಾಲಗೆಗೆ ಮೆತ್ತಗೆ ಸಿಗುತ್ತದೆ. ಸಕ್ಕರೆ ಯಾಕೆ? ಸಿಹಿಗೆ ಮಾತ್ರವಲ್ಲ. ಸಕ್ಕರೆ ಬೆರೆತ ನೀರು ಪೂರ್ತಿ ಕಲ್ಲಾಗುವುದಿಲ್ಲ, ಹರಳುಗಳ ನಡುವೆ ಸ್ವಲ್ಪ ಪಾಕ ಉಳಿಯುತ್ತದೆ. ನಮ್ಮ ಅನಾನಸು ಕಲ್ಲಾದದ್ದು ಈ ಎರಡೂ ತಪ್ಪಿನಿಂದ.

*ಫ್ರಿಜ್ಜು ಇದ್ದವರಿಗೆ:* ಸಿಪ್ಪೆ, ನಡುವಿನ ದಿಂಡು ತೆಗೆದ ಅನಾನಸು ಅರ್ಧ ಕಿಲೋ, ಸಕ್ಕರೆ 100ರಿಂದ 125 ಗ್ರಾಂ, ಅರ್ಧ ಲಿಂಬೆ, ಚಿಟಿಕೆ ಉಪ್ಪು. ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಸೋಸಿ. ರುಚಿ ನೋಡಿದರೆ ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು ಸಿಹಿ ಎನಿಸಬೇಕು, ತಂಪಾದ ಮೇಲೆ ಸಿಹಿ ಕಡಿಮೆ ಕಾಣುತ್ತದೆ. ಫ್ರಿಜ್ಜಿನ ಗುಂಡಿಯನ್ನು ಅತಿ ತಂಪಿಗೆ ತಿರುಗಿಸಿ. ಅಂಚಿರುವ ಸ್ಟೀಲ್ ಹರಿವಾಣಕ್ಕೆ ಒಂದು ಬೆರಳು ದಪ್ಪ ಹೊಯ್ದು ಐಸ್ ಪೆಟ್ಟಿಗೆಯಲ್ಲಿಡಿ. ಡಬ್ಬಿಗಿಂತ ಅಗಲ ಹರಿವಾಣದಲ್ಲಿ ಬೇಗ ಕಟ್ಟುತ್ತದೆ. ಒಂದು ಗಂಟೆಯ ನಂತರ ಅಂಚು ಗಟ್ಟಿಯಾಗಿರುತ್ತದೆ. ಮುಳ್ಳುಚಮಚದಿಂದ ಕೆರೆದು ನಡುವಿಗೆ ತಳ್ಳಿ, ಕಲಕಿ, ಮತ್ತೆ ಇಡಿ. ಅರ್ಧ ಗಂಟೆಗೊಮ್ಮೆ ಹೀಗೆ ನಾಲ್ಕೈದು ಸಲ. ಇಷ್ಟು ಪುರುಸೊತ್ತಿಲ್ಲದಿದ್ದರೆ ರಾತ್ರಿ ಪೂರ್ತಿ ಗಟ್ಟಿಯಾಗಲು ಬಿಟ್ಟು, ಬೆಳಿಗ್ಗೆ ತುಂಡು ಮಾಡಿ, ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಇನ್ನೊಂದು ಗಂಟೆ ಇಡಿ.

*ಫ್ರಿಜ್ಜು ಇಲ್ಲದವರಿಗೆ, ಕರೆಂಟು ನಂಬದವರಿಗೆ:* ಮೂರು ಕಿಲೋ ಪುಡಿ ಐಸು, ಒಂದು ಕಿಲೋ ಕಲ್ಲುಪ್ಪು, ಒಂದು ಬಕೆಟ್ಟು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಮೊದಲೇ ತಣ್ಣಗೆ ಮಾಡಿದ ಹಣ್ಣಿನ ರಸವನ್ನು ಡಬ್ಬಿಯ ಅರ್ಧದಷ್ಟು ಮಾತ್ರ ತುಂಬಿಸಿ. ಬಕೆಟ್ಟಿನಲ್ಲಿ ಒಂದು ಪದರ ಐಸು, ಒಂದು ಹಿಡಿ ಉಪ್ಪು, ಮತ್ತೆ ಐಸು, ಮತ್ತೆ ಉಪ್ಪು ಹಾಕುತ್ತ ಡಬ್ಬಿಯನ್ನು ಕತ್ತಿನವರೆಗೆ ಹುಗಿಯಿರಿ. ಮುಚ್ಚಳ ಹಿಡಿದು ಡಬ್ಬಿಯನ್ನು ಆಚೆ ಈಚೆ ತಿರುಗಿಸುತ್ತಿರಿ. ಐದು ನಿಮಿಷಕ್ಕೊಮ್ಮೆ ಮುಚ್ಚಳ ಒರೆಸಿ ತೆರೆದು, ಬದಿಗೆ ಕಟ್ಟಿದ್ದನ್ನು ಉದ್ದ ಚಮಚದಿಂದ ಕೆರೆಯಿರಿ. ಅರ್ಧ, ಮುಕ್ಕಾಲು ಗಂಟೆಯಲ್ಲಿ ಸೋರ್ಬೆ ಸಿದ್ಧ. ಮನೆಯಲ್ಲಿ ಮಕ್ಕಳಿದ್ದರೆ ತಿರುಗಿಸಲು ಪಾಳಿ ಹಚ್ಚಿ, ಜಗಳವೂ ಆಗುತ್ತದೆ, ಕೆಲಸವೂ ಆಗುತ್ತದೆ.

ಕೆಲವು ಎಚ್ಚರಿಕೆ. ಉಪ್ಪು ಐಸಿಗೆ ಬರಿಗೈ ಹಾಕಬೇಡಿ, ಚರ್ಮ ಸುಟ್ಟಂತೆ ಆಗುತ್ತದೆ. ಬಟ್ಟೆ ಹಿಡಿದುಕೊಳ್ಳಿ. ಬಕೆಟ್ಟಿಗೆ ಮೀನಿನ ಐಸು ನಡೆಯುತ್ತದೆ, ಆದರೆ ಅದರ ಒಂದು ಹನಿಯೂ ಡಬ್ಬಿಯೊಳಗೆ ಬೀಳಬಾರದು. ತಿನ್ನಲು ಬಾರದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ರಸಕ್ಕೆ ಬೆರೆಸುವ ನೀರು ಕುದಿಸಿ ಆರಿಸಿದ್ದಾಗಿರಲಿ. ತಂಪು ರೋಗಾಣುವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ. ಉಳಿದ ಉಪ್ಪು ನೀರನ್ನು ಬಸಳೆ ಬುಡಕ್ಕೆ ಮಾತ್ರ ಚೆಲ್ಲಬೇಡಿ.

*ಬೇರೆ ಹಣ್ಣುಗಳು:* ಹದಿನೈದು ಇಪ್ಪತ್ತು ಪುನರ್ಪುಳಿ ಸಿಪ್ಪೆಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿ ಸೋಸಿದರೆ ಸುಮಾರು 400 ಮಿಲಿ ಲೀಟರ್ ರಸ ಸಿಗುತ್ತದೆ. ಅದಕ್ಕೆ 125 ಗ್ರಾಂ ಸಕ್ಕರೆ, ಬೇಕಿದ್ದರೆ ಚಿಟಿಕೆ ಜೀರಿಗೆ ಪುಡಿ. ಬೆಲ್ಲ ಹಾಕಿದರೆ ಬಣ್ಣ ಮಾಸುತ್ತದೆ, ರುಚಿ ಹೆಚ್ಚುತ್ತದೆ. ಕಾಟು ಮಾವನ್ನು ಕೈಯಲ್ಲೇ ಹಿಸುಕಿ ರಸ ತೆಗೆದು, ಹುಳಿ ನೋಡಿ ಸಕ್ಕರೆ ಹಾಕಿ. ತುಳುವೆ ಹಲಸಿಗೆ ಅರ್ಧ ಕಿಲೋ ತಿರುಳಿಗೆ 50 ಗ್ರಾಂ ಸಕ್ಕರೆ ಸಾಕು, ಒಂದು ಲಿಂಬೆ ಬೇಕು. ಬಕ್ಕೆ ಹಲಸನ್ನು ಕೊಳ್ಳುವವರಿದ್ದಾರೆ. ತುಳುವೆ ಮೆತ್ತಗೆ, ನಾರು ನಾರು ಎಂದು ಮರದಲ್ಲೇ ಬಿಡುತ್ತೇವೆ. ಸೋರ್ಬೆಗೆ ಆ ಮೆತ್ತಗಿನ ತುಳುವೆಯೇ ಮೇಲು, ಸೋಸಿದರೆ ನಾರು ಹೋಯಿತು.

ಈಗ ಕೊರತೆ ಯಾವುದರದ್ದು?

ಅಕ್ಬರನ ಕಾಲದಲ್ಲಿ ಹಣ್ಣಿತ್ತು, ತಂಪು ಅರಮನೆಯದಾಗಿತ್ತು. ಟ್ಯೂಡರನ ಕಾಲದಲ್ಲಿ ಹಣ್ಣಿತ್ತು, ತಂಪು ಸಾಹೇಬರದಾಗಿತ್ತು. ಉಪ್ಪು ಕೂಡ ನಮ್ಮದಾಗಿರಲಿಲ್ಲ. ಈಗ ಉಪ್ಪು ಅಗ್ಗ. ಐಸು ಮೀನಿನ ಮಾರ್ಕೆಟಿನಲ್ಲಿ ಸಿಗುತ್ತದೆ. ಹಳ್ಳಿಯ ಎಷ್ಟೋ ಮನೆಗಳ ಮೂಲೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಿದೆ. ನಾನೂರು ವರ್ಷ ದೊಡ್ಡವರ ಮನೆಯಲ್ಲಿದ್ದ ತಂಪು ನಮ್ಮ ಅಡುಗೆಮನೆಗೆ ಬಂದಿದೆ.

ಆ ಫ್ರಿಜ್ಜಿನೊಳಗೆ ಏನಿದೆ? ನಮ್ಮ ಮನೆಗಳಲ್ಲೇ ನೋಡಿದೆವು. ನಿನ್ನೆಯ ಸಾಂಬಾರು, ಮೊಸರು, ಬಣ್ಣದ ನೀರಿನ ಬಾಟಲಿ. ಮಕ್ಕಳಿಗೆಂದು ತಂದ ಕಪ್ಪಿನ ಮೇಲಿನ ಸಣ್ಣ ಅಕ್ಷರ ಓದಿದರೆ ಐಸ್‌ಕ್ರೀಮ್ ಎಂದಿಲ್ಲ, ಫ್ರೋಜನ್ ಡೆಸರ್ಟ್ ಎಂದಿದೆ. ಅಂದರೆ ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯದ ಎಣ್ಣೆ. ಮಾವಿನ ಚಿತ್ರ ಇದೆ, ಒಳಗೆ ಎಷ್ಟು ಮಾವು ಇದೆಯೆಂದು ಭೂತಗನ್ನಡಿ ಹಿಡಿದು ಹುಡುಕಬೇಕು. ಕಿಟಕಿಯ ಹೊರಗೆ ಕಾಟು ಮಾವು ದೊಪ್ಪನೆ ಬೀಳುತ್ತಿರುತ್ತದೆ. ಒಂದು ಮಳೆ ಬಂದರೆ ಪುನರ್ಪುಳಿ ಮರದಡಿ ನೆಲವೆಲ್ಲ ಕೆಂಪು. ಹೆಕ್ಕುವವರಿಲ್ಲ.

ಕೊಳೆಯುವ ಹಣ್ಣಿನ ದುಃಖ ಒಂದು ಹರಿವಾಣ ಸೋರ್ಬೆಯಿಂದ ಮುಗಿಯುತ್ತದೆ ಎಂದು ನಾವು ಹೇಳುವುದಿಲ್ಲ. ಅನಾನಸಿನ ದರ ಬಿದ್ದಾಗ ಬೆಳೆಗಾರನಿಗೆ ಬೇಕಾದದ್ದು ಮಾರುಕಟ್ಟೆ, ಪಾಕವಿಧಾನವಲ್ಲ. ಆದರೆ ನಮ್ಮ ಹಣ್ಣಿಗೆ ಬೆಲೆ ಇದೆ ಎಂಬ ನಂಬಿಕೆ ಮೊದಲು ನಮ್ಮ ಮನೆಯಲ್ಲಿ ಹುಟ್ಟಬೇಕು. ಹಣ್ಣು ಹೆಕ್ಕಿ ತಂದ ಮಗು, ರುಬ್ಬಿ ಕೊಟ್ಟ ತಾಯಿ, ಡಬ್ಬಿ ತಿರುಗಿಸಿದ ಅಜ್ಜ, ಒಂದೇ ಹರಿವಾಣದಿಂದ ತಿಂದರೆ ಆ ಮಗು ಮುಂದೆ ಹಿತ್ತಲಿನ ಮರ ಕಡಿಯಲು ಕೊಡಲಿಕ್ಕಿಲ್ಲ. ಸ್ವಸಹಾಯ ಸಂಘದಲ್ಲಿ ಹತ್ತು ಜನ ಸೇರಿ ಮಾಡಿ, ಜಾತ್ರೆಯಲ್ಲಿ ಒಂದು ಮೇಜು ಹಾಕಿ ನೋಡುವ ಧೈರ್ಯವೂ ಅಲ್ಲಿಂದಲೇ ಬರಬೇಕು.

ನಮ್ಮ ಎರಡನೆಯ ಪ್ರಯತ್ನ ಪುನರ್ಪುಳಿಯದ್ದು. ಸರಿಯಾಗಿ ಸಕ್ಕರೆ ಹಾಕಿ, ಅರ್ಧ ಗಂಟೆಗೊಮ್ಮೆ ಎದ್ದು ಕೆರೆದು, ರಾತ್ರಿ ಹನ್ನೊಂದಕ್ಕೆ ಹರಿವಾಣ ಹೊರತೆಗೆದೆವು. ಗಾಢ ಕೆಂಪು, ಮೆತ್ತಗೆ, ಹುಳಿ ಸಿಹಿ. ಒಂದು ಚಮಚ ಬಾಯಿಗಿಟ್ಟಾಗ ಹಣೆಯಲ್ಲಿ ಚುಳ್ಳೆಂದಿತು. ಮನೆಗೆ ಫೋನು ಮಾಡಿ ಹೇಳಿದೆವು.

"ಪುನರ್ಪುಳಿಯದ್ದಾ? ಹಾಗಾದರೆ ಇನ್ನು ಎಸೆಯುವುದಿಲ್ಲ, ಬರುವ ವಾರ ಬುಟ್ಟಿ ಇಡುತ್ತೇನೆ" ಎಂದರು ಆಚೆಯಿಂದ.